ಟೊರಾಂಟೊ ಪರದೆಯ ಕಿಟಕಿಗಳು

ಮೊನ್ನೆ ನಮ್ಮ ಮನೆಯ ಹಳೆಯ ಬಾಗಿಲು ರಿಪೇರಿಗೆ ಬಂದಿದ್ದ ವಯಸ್ಸಾದ ಬಡಗಿ ಹಿತ್ತಲಲ್ಲಿ ಮೂರು ಕಲ್ಲಿಟ್ಟು, ಡಬ್ಬಿಯೊಂದರಲ್ಲಿ ಸರೇಸು ಕುದಿಸಿದರು. ಆ ಅಂಟನ್ನು ಈಗ ಯಾರೂ ಬಳಸುವುದಿಲ್ಲ. ಒದ್ದೆ ತೊಗಲು ಸುಟ್ಟಂಥ ಅದರ ವಾಸನೆಗೆ ಮನೆಮಂದಿಯೆಲ್ಲ ಮೂಗು ಮುಚ್ಚಿಕೊಂಡರು. ನಾನು ಮಾತ್ರ ಅಡುಗೆಮನೆಯ ಹೊಸ್ತಿಲಲ್ಲಿ, ಕೈಯಲ್ಲಿದ್ದ ಮೆಂತ್ಯದ ಕಟ್ಟು ಬಿಚ್ಚುವುದನ್ನೂ ಮರೆತು ನಿಂತೆ. ಸಿಂಧನೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಓಣಿ, ಫೋಟೋ ಸ್ಟುಡಿಯೋದ ಹಿಂಬದಿಯ ಪಡಸಾಲೆ, ಅಲ್ಲಿ ನೆಲದ ಮೇಲೆ ಹಾಸಿದ ದೊಡ್ಡ ಕೋರಾ ಬಟ್ಟೆ, ಅದರ ನಡುವೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತ ಸ್ಟುಡಿಯೋ ಅಕ್ಕ…

ನಾನು ಮದುವೆಯಾಗಿ ಸಿಂಧನೂರಿಗೆ ಬಂದದ್ದು ಎಂಬತ್ತರ ದಶಕದ ನಡುವೆ. ನಮ್ಮವರು ಕಾಲುವೆ ಆಫೀಸಿನಲ್ಲಿದ್ದರು. ಬೆಳಿಗ್ಗೆ ಹೋದರೆ ಸಂಜೆಯೇ. ರಾಯಚೂರಿನ ಕಾನ್ವೆಂಟಿನಲ್ಲಿ ಓದಿ ಬಂದ ನನಗೆ ಆ ಓಣಿಯಲ್ಲಿ ಮಾತಿಗೆ ಯಾರೂ ಇರಲಿಲ್ಲ. ನಮ್ಮ ಹಿತ್ತಲ ಗೋಡೆಗೆ ಹೊಂದಿಕೊಂಡೇ ಸ್ಟುಡಿಯೋ ಇತ್ತು. ಯಜಮಾನರು ಫೋಟೋ ತೆಗೆಯುತ್ತಿದ್ದರು, ಅವರ ಹೆಂಡತಿ, ನಾನು ಸ್ಟುಡಿಯೋ ಅಕ್ಕ ಎನ್ನುತ್ತಿದ್ದವರು, ಫೋಟೋದ ಹಿಂದೆ ಇಳಿಬಿಡುವ ಪರದೆಗಳನ್ನು ಬರೆಯುತ್ತಿದ್ದರು. ಹೆಂಗಸೊಬ್ಬಳು ಪರದೆ ಬರೆಯುವುದನ್ನು ನಾನು ಮೊದಲು ಕಂಡದ್ದು ಅಲ್ಲಿಯೇ. ಒಂದು ದಿನ ಗೋಡೆಯ ಆಚೆಯಿಂದ ಅವರೇ ಕರೆದರು. "ತಂಗೀ, ನಿನಗ ಇಂಗ್ಲಿಷ್ ಬರತೈತಂತ. ಇದರಾಗ ಏನು ಬರದಾರ, ಒಂದೀಟು ಓದಿ ಹೇಳ ಬಾ."

ಅದು ಯಜಮಾನರು ಹೈದರಾಬಾದಿನ ಹಳೆಯ ಪುಸ್ತಕದ ಅಂಗಡಿಯಿಂದ ತಂದ ಕ್ಯಾಲೆಂಡರು. ತಿಂಗಳು ಮುಗಿದು ವರ್ಷಗಳಾಗಿದ್ದವು, ಚಿತ್ರಗಳು ಮಾತ್ರ ಹೊಸದಾಗಿದ್ದವು. ಅಮೆರಿಕ, ಕೆನಡಾದ ದೊಡ್ಡ ದೊಡ್ಡ ಪಟ್ಟಣಗಳು, ದೂರದಿಂದ ನೋಡಿದರೆ ಆಕಾಶದ ಅಂಚಿಗೆ ಕಟ್ಟಡಗಳ ಸಾಲು. ಅವುಗಳಲ್ಲಿ ನ್ಯೂಯಾರ್ಕ್, ಶಿಕಾಗೊ, ಸ್ಯಾನ್‌ಫ್ರಾನ್ಸಿಸ್ಕೊ ಆಗಲೇ ಪರದೆಯಾಗಿ ಸ್ಟುಡಿಯೋದ ಬಿದಿರಿನ ಗಳಕ್ಕೆ ಸುತ್ತಿಕೊಂಡಿದ್ದವು. ಹೆಸರು ಮಾತ್ರ ಅಕ್ಕನಿಗೆ ಗೊತ್ತಿರಲಿಲ್ಲ. ನಾನು ಓದಿ ಹೇಳಿದೆ. "ಹೆಸರು ಹೇಳಾಕ ಬಾಯಿ ತಿರುಗವಲ್ದು ಬಿಡು" ಎಂದು ಅವರು ನಕ್ಕರು.

ಗಿರಾಕಿಗಳಿಗೆ ಹೆಸರಿನ ಗೊಡವೆಯೇ ಬೇಕಿರಲಿಲ್ಲ. ಶಿಕಾಗೊದ ಕರಿಯ ಕಟ್ಟಡದ ನೆತ್ತಿಯ ಮೇಲೆ ಎರಡು ಕಂಬಗಳಿದ್ದವು. ಜವಳಗೇರಾ ಕಡೆಯ ರೈತರು ಅದನ್ನು "ಕೊಂಬಿನ ಊರು" ಎನ್ನುತ್ತಿದ್ದರು, ಹೊಸ ಜೋಡಿಗೆ ಅದೇ ಬೇಕು ಎಂದು ಹಟ ಹಿಡಿಯುತ್ತಿದ್ದರು. ಸ್ಯಾನ್‌ಫ್ರಾನ್ಸಿಸ್ಕೊದ ಚೂಪು ಕಟ್ಟಡ ಮಸ್ಕಿಯವರಿಗೆ ಇಷ್ಟ. ದಿಣ್ಣೆಯ ಮೇಲೆ ಶಿಖರ ಎದ್ದ ಹಾಗೆ, ತಮ್ಮ ಮಲ್ಲಯ್ಯನ ಗುಡ್ಡದ ಹಾಗೆ ಕಾಣುತ್ತದೆ ಎಂದು. ನ್ಯೂಯಾರ್ಕ್ ಪರದೆ ಇಳಿಸಿದಾಗ ಸಂತೆಕಲ್ಲೂರಿನ ಅಜ್ಜಿಯೊಬ್ಬಳು ಕೈಯನ್ನು ಹಣೆಗೆ ಅಡ್ಡ ಹಿಡಿದು ಬಹಳ ಹೊತ್ತು ನೋಡಿದಳು. "ಯಪ್ಪಾ, ಇಷ್ಟು ಎತ್ತರ ಮಾಳಗಿ ಹತ್ತಿ ಹಪ್ಪಳ ಹೆಂಗ ಒಣಗಸ್ತಾರೋ? ಇಳಿಯೋದ್ರಾಗ ಮಳಿ ಬಂದಿರತೈತಿ!" ಯಜಮಾನರು ನಗು ತಡೆಯಲಾರದೆ ಕ್ಯಾಮೆರಾದ ಕರಿಬಟ್ಟೆಯೊಳಗೆ ತಲೆ ಹಾಕಿಬಿಟ್ಟರು.

ಅಕ್ಕನಿಗೆ ನಾಲ್ಕು ವರ್ಷದ ಮಗಳಿದ್ದಳು. ಎರಡು ಕೂಸು ಹುಟ್ಟಿ ಹೋದ ಮೇಲೆ ಉಳಿದವಳು. ಮಸ್ಕಿ ಗುಡ್ಡದಲ್ಲಿ ಜವಳ ತೆಗೆಸುವ ತನಕ ಕೂದಲಿಗೆ ಕತ್ತರಿ ಹಾಕುವುದಿಲ್ಲ, ಫೋಟೋನೂ ತೆಗೆಯುವುದಿಲ್ಲ ಎಂದು ಹರಕೆ ಹೊತ್ತಿದ್ದರು. ಜವಳದ ಮೊದಲು ಫೋಟೋ ತೆಗೆದರೆ ಕೂಸಿನ ಆಯುಷ್ಯ ಕಡಿಮೆಯಾಗುತ್ತದೆ ಎಂಬ ನಂಬಿಕೆ ಆ ಮನೆಯಲ್ಲಿತ್ತು. ಒಂದು ವರ್ಷ ಮನೆಯಲ್ಲಿ ಹಿರಿಯರು ತೀರಿಕೊಂಡರು, ಇನ್ನೊಂದು ವರ್ಷ ಲಿಂಗಸುಗೂರಿನ ಸೋದರಮಾವನಿಗೆ ಬರಲಾಗಲಿಲ್ಲ. ಜವಳದ ಕೂಸು ಸೋದರಮಾವನ ತೊಡೆಯ ಮೇಲೇ ಕೂರಬೇಕಲ್ಲ. ಹಾಗೆ ಮುಂದಕ್ಕೆ ಹೋಗುತ್ತಲೇ ಇತ್ತು. ಊರ ಮಕ್ಕಳೆಲ್ಲ ಬಂದು ಫೋಟೋ ತೆಗೆಸಿಕೊಂಡು ಹೋಗುವ ಮನೆಯಲ್ಲಿ, ಆ ಮನೆಯ ಮಗುವಿನದೇ ಒಂದು ಫೋಟೋ ಇರಲಿಲ್ಲ.

ಬರುವ ಶ್ರಾವಣಕ್ಕೆ ಜವಳ ಎಂದು ಕಡೆಗೂ ಗೊತ್ತಾಯಿತು. ಆಮೇಲೆ ಅಕ್ಕನಿಗೆ ಒಂದೇ ಚಿಂತೆ. ಕೂಸಿನ ಮೊದಲ ಫೋಟೋ ಯಾವ ಊರಿನ ಮುಂದೆ? ಮಧ್ಯಾಹ್ನದ ಬಿಡುವಿನಲ್ಲಿ ನಾವಿಬ್ಬರೂ ಮೂರೂ ಪರದೆ ಇಳಿಸಿ, ಕ್ಯಾಲೆಂಡರು ಪಕ್ಕದಲ್ಲಿಟ್ಟುಕೊಂಡು ಹೋಲಿಸುತ್ತ ಕೂರುತ್ತಿದ್ದೆವು. ನ್ಯೂಯಾರ್ಕ್ ಅವರಿಗೆ ಒಪ್ಪಿಗೆಯಾಗಲಿಲ್ಲ. "ರೇಷನ್ ಅಂಗಡಿ ಮುಂದ ಮಂದಿ ನಿಂತಂಗ ಐತಿ. ಒಬ್ಬರಿಗೊಬ್ಬರು ಜಾಗಾ ಬಿಡವಲ್ರು." ಶಿಕಾಗೊ ಗಟ್ಟಿಯಾಗಿದೆ, ಆದರೆ ಆ ಕರಿ ಕಟ್ಟಡ ನೋಡಿದರೆ ಕೂಸು ಅಂಜುತ್ತದೆ. ಸ್ಯಾನ್‌ಫ್ರಾನ್ಸಿಸ್ಕೊದ ಮನೆಗಳು ಇಳಿಜಾರಿನಲ್ಲಿವೆ, "ಆಡೋ ಹುಡುಗಿ ಜಾರತಾಳ." ಹೀಗೆ ಒಂದೊಂದು ಊರಿಗೂ ಒಂದೊಂದು ಕೊಂಕು. ಹೆಣ್ಣಿಗೆ ಮನೆತನ ನೋಡಿದ ಹಾಗಿತ್ತು ಅದು.

ಕೊನೆಗೆ ಹೊರಳಿಸಿದ ಹಾಳೆಯಲ್ಲಿ ಟೊರಾಂಟೊ ಇತ್ತು. ಅದೊಂದೇ ರಾತ್ರಿಯ ಚಿತ್ರ. ಕೆಳಗೆ ಅಗಲವಾದ ಸರೋವರ, ಮೇಲೆ ಬೇಕಾದಷ್ಟು ಆಕಾಶ, ನಡುವೆ ಒನಕೆ ನಿಲ್ಲಿಸಿದಂಥ ಒಂದೇ ಒಂದು ಎತ್ತರದ ಗೋಪುರ, ಅದರ ಬುಡಕ್ಕೆ ಗಿಡ್ಡ ಕಟ್ಟಡಗಳು, ಎಲ್ಲದರಲ್ಲೂ ದೀಪ. ಅಕ್ಕ ಕ್ಯಾಲೆಂಡರನ್ನು ತೊಡೆಯ ಮೇಲೆ ಎಳೆದುಕೊಂಡರು. ಆಮೇಲೆ, "ಅಜ್ಜನ ಸುತ್ತಾ ಮಮ್ಮಕ್ಕಳು ಕುಂತು ಕಥಿ ಕೇಳಾಕತ್ತಂಗ ಐತಿ ನೋಡು" ಎಂದರು. ಅಲ್ಲಿಗೆ ಮುಗಿಯಿತು.

ಹೊಸ ಬಟ್ಟೆ ತಂದರು. ಸರೇಸು ಕುದಿಸಿ, ಪುಡಿ ಬಣ್ಣ ಕಲಸಿ, ದಿನಾ ಮಧ್ಯಾಹ್ನ ಬರೆದರು. ಕಿಟಕಿಗಳಿಗೆ ಹಳದಿ ಹಚ್ಚುವ ದಿನ ಯಜಮಾನರು ದಢೇಸುಗೂರಿಗೆ ಮದುವೆ ಫೋಟೋ ತೆಗೆಯಲು ಹೋಗಿದ್ದರು. ಅಕ್ಕ ಕುಂಚ ಬದಿಗಿಟ್ಟು ಕೂಸಿನ ಬೆರಳನ್ನು ಹಳದಿಯಲ್ಲಿ ಅದ್ದಿಸಿದರು. ಅದು ಬಟ್ಟೆಯ ಮೇಲೆ ಅಂಬೆಗಾಲಿಟ್ಟು ಒಂದೊಂದೇ ಕಿಟಕಿಗೆ ಬೆರಳು ಒತ್ತುತ್ತ ಹೋಯಿತು. "ಇಲ್ಲಿ ಅಮ್ಮ ಅದಾಳ… ಇಲ್ಲಿ ಮಾಮಾ ಅದಾನ… ಇಲ್ಲಿ ಬೆಕ್ಕು ಅದಾವು." ಕತ್ತರಿ ಕಾಣದ ಅದರ ಜಡೆಯ ತುದಿ ಸರೋವರದಲ್ಲಿ ಅದ್ದಿ ನೀಲಿಯಾಗಿತ್ತು. ಗೋಪುರದ ಪಕ್ಕದ ಒಂದು ಕಿಟಕಿಯನ್ನು ಹಾಗೇ ಬಿಟ್ಟಿತು. ನಾನು ತೋರಿಸಿದರೆ ಬಾಯಿಗೆ ಹಳದಿ ಬೆರಳು ಅಡ್ಡ ಇಟ್ಟು, "ಶ್… ಅಲ್ಲಿ ಮಲ್ಕೊಂಡಾರ. ದೀಪ ಹಚ್ಚಬ್ಯಾಡ್ರಿ" ಎಂದಿತು.

ಪರದೆ ಒಣಗಿದ ಮೇಲೆ, ಫೋಟೋದಲ್ಲಿ ಹೇಗೆ ಬರುತ್ತದೆ ನೋಡೋಣ ಎಂದು ನನ್ನನ್ನು ಕೂರಿಸಿದರು. "ಬೋಣಿ ನೀ ಮಾಡು ತಂಗಿ, ನಿನ್ನ ಕೈ ಛಲೋ ಐತಿ." ನಾನು ಸ್ಟೂಲಿನ ಮೇಲೆ ಕೂತೆ. ಕೂಸು ಓಡಿ ಬಂದು ನನ್ನ ಮಡಿಲೇರಿತು. ಅಕ್ಕ ತಟ್ಟನೆ ಬಂದು ಎತ್ತಿಕೊಂಡರು. "ಬ್ಯಾಡವ್ವಾ, ಜವಳ ಆಗ್ಲಿ. ಆಮ್ಯಾಲ ನೀ ಒಬ್ಬಾಕಿನ ಕುಂದ್ರುವಂತಿ, ರಾಣಿಯಂಗ." ಕೂಸು ಅಳಲಿಲ್ಲ. ತಾಯಿಯ ಹೆಗಲ ಮೇಲಿಂದ ನನ್ನನ್ನೇ ನೋಡುತ್ತಿತ್ತು. ಯಜಮಾನರು ಫೋಟೋ ತೆಗೆದರು.

ಶ್ರಾವಣ ಬರುವ ಮೊದಲೇ ಕೂಸಿಗೆ ಜ್ವರ ಬಂತು. ಔಷಧಿಗೆ ಇಳಿಯಲಿಲ್ಲ. ರಾಯಚೂರಿಗೆ ಕರೆದುಕೊಂಡು ಹೋದರು. ಹೋದವರು ಮರುದಿನವೇ ಬಂದರು…

ಅದರ ಬಗ್ಗೆ ಬರೆಯಲು ನನಗೆ ಇವತ್ತಿಗೂ ಆಗುವುದಿಲ್ಲ. ಜಡೆ ಹಾಗೇ ಇತ್ತು, ಅಷ್ಟು ಹೇಳಬಲ್ಲೆ.

ಅಕ್ಕನನ್ನು ತಮ್ಮ ಬಂದು ಲಿಂಗಸುಗೂರಿಗೆ ಕರೆದುಕೊಂಡು ಹೋದ. ಮನೆಯಲ್ಲಿ ಒಬ್ಬರೇ ಉಳಿದ ಯಜಮಾನರು ದಿನಾ ಆ ಪರದೆಯ ಮುಂದೆ ಓಡಾಡಬೇಕಿತ್ತು. ಹಳೆಯ ಪರದೆಗೆ ಬಿಳಿ ಬಳಿದು ಅದೇ ಬಟ್ಟೆಯ ಮೇಲೆ ಹೊಸದು ಬರೆಯುವುದು ಅವರಲ್ಲಿ ರೂಢಿ. ಹೆಂಡತಿ ಬರುವುದರೊಳಗೆ ಅವರು ಟೊರಾಂಟೊ ಮೇಲೆ ಬಿಳಿ ಬಳಿದುಬಿಟ್ಟರು.

ಅಕ್ಕ ಬಂದ ದಿನ ನಾನು ಅನ್ನ ಸಾರು ತೆಗೆದುಕೊಂಡು ಹೋಗಿದ್ದೆ. ಅವರು ಆ ಬಿಳಿ ಬಟ್ಟೆಯ ಮುಂದೆ ನಿಂತಿದ್ದರು.

"ನೋಡಿದ್ರ ನೀ ಸಂಕಟ ಪಡತಿ ಅಂತ ಬಳದೆ" ಎಂದರು ಯಜಮಾನರು.

"ಆ ಕಿಟಕ್ಯಾಗಿನ ದೀಪ ನಾ ಹಚ್ಚಿದ್ದಲ್ರೀ" ಎಂದರು ಅಕ್ಕ, ಬಹಳ ಮೆಲ್ಲಗೆ. "ಆಕಿ ಬೆರಳ್ಲೆ ಹಚ್ಚಿದ್ಲು."

ಯಜಮಾನರ ಮುಖವನ್ನು ನಾನು ನೋಡಲಾರದೆ ಹೋದೆ. ಅವರು ಒಳಗೆ ಓಡಿ ಒದ್ದೆ ಬಟ್ಟೆ ತಂದು ಬಿಳಿ ಒರೆಸತೊಡಗಿದರು. ಸರೇಸಿನ ಬಣ್ಣಕ್ಕೆ ನೀರು ತಾಗಿದರೆ ಉಳಿಯುತ್ತದೆಯೇ? ಬಿಳಿಯ ಜೊತೆಗೆ ಹಳದಿಯೂ ನೀಲಿಯೂ ಕರಗಿ ಅವರ ಮೊಣಕೈಯವರೆಗೆ ಇಳಿಯಿತು. "ಬಿಡ್ರೀ… ಬಿಡ್ರೀ ಸಾಕು" ಎಂದು ಅಕ್ಕ ಅವರ ಕೈ ಹಿಡಿದುಕೊಂಡರು.

ನಾನು ಮನೆಗೆ ಓಡಿ, ಆ ಪರದೆಯ ಮುಂದೆ ತೆಗೆದ ನನ್ನ ಫೋಟೋ ತಂದು ತೋರಿಸಿದೆ. ಅಕ್ಕ ಅದನ್ನು ಬಾಗಿಲ ಬೆಳಕಿಗೆ ಹಿಡಿದರು. ನನ್ನ ಭುಜದ ಹಿಂದೆ, ಗೋಪುರದ ಬುಡದಲ್ಲಿ, ಹಳದಿಯೆಲ್ಲ ಬಿಳಿಯಾಗಿ ಬಂದ ಸಣ್ಣ ಸಣ್ಣ ಚುಕ್ಕೆಗಳು. ಆಮೇಲೆ ಅವರ ಕಣ್ಣು ನನ್ನ ಮಡಿಲಿಗೆ ಇಳಿಯಿತು. ಸೆರಗು ಅಲ್ಲಿ ಮುದುಡಿ ಸುಕ್ಕಾಗಿತ್ತು. "ಇಲ್ಲೇ ಕುಂತಿದ್ಲು" ಎಂದರು. "ನಾನ ಎತ್ತಿಕೊಂಡೆ."

ಯಜಮಾನರು ನೆಗೆಟಿವ್ ಹುಡುಕಿ ತೆಗೆದರು. ನನ್ನನ್ನು ಬಿಟ್ಟು ಕಿಟಕಿಗಳಷ್ಟನ್ನೇ ದೊಡ್ಡದು ಮಾಡಿದರು. ಬೆರಳಿನ ಗುರುತು ಮಸುಕಾಗಿ, ರವೆ ಚೆಲ್ಲಿದ ಹಾಗೆ ಬಂದಿತ್ತು. ಅದಕ್ಕೆ ಕಟ್ಟು ಹಾಕಿಸಿ, ತೀರಿಹೋದ ಹಿರಿಯರ ಫೋಟೋಗಳ ಸಾಲಿನಲ್ಲಿ ತೂಗುಹಾಕಿದರು. ಅಕ್ಕ ದಿನಾ ಕುಂಕುಮ ಹಚ್ಚಿ ಹೂವಿಡುತ್ತಿದ್ದರು. ದೀಪವಿಲ್ಲದ ಆ ಒಂದು ಕಿಟಕಿಯ ಮೇಲೆ ಮಾತ್ರ ಹೂವು ಬೀಳದಂತೆ ಸರಿಸುತ್ತಿದ್ದರು. ಹೊಸಬರು ಯಾರಾದರೂ "ಇದು ಯಾವ ಊರ್ರಿ?" ಎಂದರೆ, "ಅದು ನಮ್ಮ ಮಗಳ್ರಿ" ಎನ್ನುತ್ತಿದ್ದರು.

ಅಕ್ಕ ಆಮೇಲೆ ಪಟ್ಟಣ ಬರೆಯಲಿಲ್ಲ. ತೊಂಬತ್ತರ ದಶಕದಲ್ಲಿ ಊರಿಗೆ ಕಲರ್ ಲ್ಯಾಬ್ ಬಂತು, ಅಚ್ಚು ಹಾಕಿದ ಹೂದೋಟದ ಪರದೆಗಳು ಬಂದವು. ಮೂರೂ ಊರುಗಳು ಗಳಕ್ಕೆ ಸುತ್ತಿದಲ್ಲೇ ಬಿರುಕುಬಿಟ್ಟವು. ನಮ್ಮವರಿಗೆ ವರ್ಗವಾಗಿ ನಾವು ಹೊರಟಾಗ ಅಕ್ಕ ಬಸ್ಸಿನವರೆಗೆ ಬಂದಿದ್ದರು. ಕೆಲವು ವರ್ಷದ ಮೇಲೆ ಹೋದರೆ ಸ್ಟುಡಿಯೋ ಇದ್ದಲ್ಲಿ ಗೊಬ್ಬರದ ಅಂಗಡಿ ಇತ್ತು. ಅಕ್ಕ ತೀರಿಕೊಂಡರು, ಯಜಮಾನರು ಲಿಂಗಸುಗೂರಿಗೆ ಹೋದರು ಎಂದು ಪಕ್ಕದವರು ಹೇಳಿದರು. ಗೋಡೆಯ ಮೇಲಿದ್ದ ಆ ಫೋಟೋ ಏನಾಯಿತೋ ಗೊತ್ತಿಲ್ಲ.

ಬಡಗಿ ಹೋದ ಮೇಲೆ ಪೆಟ್ಟಿಗೆಯಿಂದ ನನ್ನ ಪ್ರತಿಯನ್ನು ತೆಗೆದು ನೋಡಿದೆ. ಕಪ್ಪು ಬಿಳುಪಿನ ಚಿತ್ರ. ವರ್ಷ ಕಳೆದಂತೆ ಬಿಳುಪೆಲ್ಲ ಮಾಸಿ, ಆ ಕಿಟಕಿಗಳು ತಾವಾಗಿಯೇ ಹಳದಿಯಾಗಿವೆ. ಅಂಚಿನಿಂದ ಚಿತ್ರ ಅಳಿಯುತ್ತಲೂ ಇದೆ. ಗೋಪುರದ ತುದಿ ಆಗಲೇ ಇಲ್ಲ, ನನ್ನ ಮುಖವೂ ಅರ್ಧ ಹೋಗಿದೆ.

ಮಡಿಲಿನ ಸುಕ್ಕು ಇನ್ನೂ ಇದೆ. ಈಗಷ್ಟೇ ಯಾರೋ ಎದ್ದು ಹೋದ ಹಾಗೆ.