ಕೆಂಪು ಒತ್ತಿದರೆ ನಿಲ್ಲಬೇಕು

ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ, ನಿಂತಿದ್ದ ಮೋಟರು ಇದ್ದಕ್ಕಿದ್ದಂತೆ ತಿರುಗಿತು. ಅಣ್ಣ ಬಾವಿಯೊಳಗಿನ ಕಟ್ಟೆಯ ಮೇಲೆ ಅದರ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದ. ನಾನು ಮೇಲೆ ದಂಡೆಯಲ್ಲಿ ನಿಂತು, ಸುರಪುರದ ಬಸ್ಸಿಗೆ ಇನ್ನೆಷ್ಟು ಹೊತ್ತಿದೆ ಎಂದು ಫೋನು ನೋಡುತ್ತಿದ್ದೆ. ಅದಕ್ಕೇ ಆ ಸಮಯ ಕಣ್ಣಿಗೆ ಅಂಟಿಕೊಂಡಿದೆ.

ಅಣ್ಣನ ಹೆಗಲ ಮೇಲಿನ ಟಾವೆಲಿನ ತುದಿ ತಿರುಗುವ ಶಾಫ್ಟಿಗೆ ಸಿಕ್ಕಿತು. ಅವನ ತಲೆ ಮುಂದಕ್ಕೆ ಜಗ್ಗಿತು. ಟಾವೆಲನ್ನು ಕೊರಳಿಗೆ ಸುತ್ತಿಕೊಂಡಿರಲಿಲ್ಲ, ಸುಮ್ಮನೆ ಇಳಿಬಿಟ್ಟಿದ್ದ. ಅದು ಜಾರಿಹೋಗಿ, ಉಸಿರೆಳೆಯುವಷ್ಟರಲ್ಲಿ ಹುರಿಯಾಗಿ ಶಾಫ್ಟಿಗೆ ಸುತ್ತಿಕೊಂಡಿತು. ಅವನ ಕೈಯಲ್ಲಿದ್ದ, ನಟ್ಟು ಬಿಗಿಯುವ ಪಾನಾ ನೀರಿಗೆ ಬಿತ್ತು. ಅಣ್ಣ ಗೋಡೆಗೆ ಬೆನ್ನು ಹಚ್ಚಿ ನಿಂತುಬಿಟ್ಟ. ನಾನು ಮನೆಗೆ ಫೋನು ಹಚ್ಚಿ ಕಿರುಚಿದೆ. ಮೋಟರು ನಿಂತಿತು. ಆದರೆ ಆ ಟಾವೆಲು ಕೊರಳಿಗೆ ಸುತ್ತಿದ್ದರೆ ಏನಾಗುತ್ತಿತ್ತು ಎಂಬುದು ಇವತ್ತಿಗೂ ಪಾಠ ಮಾಡುವಾಗ, ಅನ್ನ ಕಲಸುವಾಗ ಕಣ್ಣೆದುರು ಬರುತ್ತದೆ.

ದೇವಾಪುರದ ನಮ್ಮ ಹೊಲದ ಬಾವಿಗೆ ಆ ಬೇಸಿಗೆಯಲ್ಲಷ್ಟೇ ಫೋನಿನಿಂದ ನಡೆಯುವ ಸ್ಟಾರ್ಟರ್ ಕೂಡಿಸಿದ್ದೆವು. ಮೂರು ಫೇಸ್ ಕರೆಂಟು ಯಾವ ಹೊತ್ತಿಗೆ ಬಂದರೂ ಮನೆಯಲ್ಲಿ ಕೂತೇ ಮೋಟರು ಚಾಲೂ ಮಾಡಬಹುದು, ನಿಲ್ಲಿಸಬಹುದು. ಹೀಗಾಗಿ ಕಂಬದ ಹತ್ತಿರದ ಕಬ್ಬಿಣದ ಡಬ್ಬಿಗೆ ಬೀಗ ಬಿದ್ದಿತ್ತು, ಕೀಲಿ ಮನೆಯಲ್ಲಿತ್ತು. ಸ್ಟಾರ್ಟರಿನ ಆ್ಯಪ್ ಇದ್ದ ದೊಡ್ಡ ಫೋನು ಅಣ್ಣನ ಹೆಂಡತಿ, ಅಂದರೆ ನಮ್ಮ ವೈನಿಯ ಹತ್ತಿರ ಇರುತ್ತಿತ್ತು.

ಆ ಮಧ್ಯಾಹ್ನ ಪಂಪು ಸೋರುತ್ತಿತ್ತು. ವೈನಿ ಮೋಟರು ನಿಲ್ಲಿಸಿದ ಮೇಲೆಯೇ ಅಣ್ಣ ಕೆಳಗಿಳಿದ. ಪಾನಾ ಹಚ್ಚುವ ಮೊದಲು ತನ್ನ ಸಣ್ಣ ಫೋನಿನಿಂದ ಮತ್ತೆ ಅವಳಿಗೆ ಹೇಳಿದ: "ಏ, ನಾ ಇಳ್ದೀನಿ. ಕೆಂಪು ಒತ್ತಿಬಿಡು."

ಇದು ನಮ್ಮ ಕಡೆಯ ರೂಢಿ. ಇಳಿಯುವವನು ಕೂಗುತ್ತಾನೆ, ಮೇಲಿದ್ದವರು ಡಬ್ಬಿಯ ಕೆಂಪು ಬಟನ್ ಒತ್ತುತ್ತಾರೆ. ಮೋಟರು ನಿಂತಿದ್ದರೂ ಒತ್ತುತ್ತಾರೆ. ಮನಸ್ಸಿಗೆ ಸಮಾಧಾನವಾಗದಿದ್ದರೆ ಮತ್ತೊಮ್ಮೆ ಒತ್ತುತ್ತಾರೆ. ಡಬ್ಬಿಯ ಹಸಿರು ಚಾಲೂ ಮಾಡುತ್ತದೆ, ಕೆಂಪು ನಿಲ್ಲಿಸುತ್ತದೆ. ನಿಂತ ಮೋಟರನ್ನು ಎಷ್ಟು ಸಲ ನಿಲ್ಲಿಸಿದರೂ ಅದು ನಿಂತೇ ಇರುತ್ತದೆ.

"ತಂಗಿ, ನಾ ಕೆಂಪೇ ಒತ್ತೀನಿ," ಎಂದಳು ವೈನಿ, ನಾವು ಮನೆ ಮುಟ್ಟಿದಾಗ. "ಆಣಿ ಮಾಡಿ ಹೇಳ್ತೀನಿ, ನಿಮ್ಮಣ್ಣ ಅಂದಾಗ ಹಸರು ಮುಟ್ಟಿಲ್ಲ."

"ಕೆಂಪು ಒತ್ತಿದ್ರ ಹೆಂಗ ಚಾಲೂ ಆಗ್ತದ?" ಎಂದಳು ಅವ್ವ. "ನನ್ನ ಮಗನ ಜೀವಾ ನಿನ್ನ ಬೆರಳ ತುದ್ಯಾಗಿತ್ತು. ನೋಡಿ ಒತ್ತಾಕ ಏನಾಗಿತ್ತು?"

ಅಣ್ಣ ಸಿಟ್ಟಾಗಲಿಲ್ಲ. "ಬಿಡು, ಉಳ್ದೀನಲ್ಲ," ಎಂದ. ಅದು ವೈನಿಯನ್ನು ಇನ್ನಷ್ಟು ಚುಚ್ಚಿತು. ಉಳಿದೀನಿ ಎಂದರೆ ಕೊಲ್ಲಲು ಹೊರಟವಳು ತಾನೇ ಎಂದಾಯಿತಲ್ಲ. ಅವಳು ಫೋನನ್ನು ಸೀರೆಯ ತುಂಡಿನಲ್ಲಿ ಸುತ್ತಿ ಜೋಳದ ಡಬ್ಬಿಯೊಳಗೆ ಇಟ್ಟಳು. ನಿದ್ದೆ ಹೋಯಿತು. ಮಲಗಿದರೂ ಎದ್ದೆದ್ದು ಅಣ್ಣನ ಉಸಿರಾಟ ಕೇಳುತ್ತಿದ್ದಳಂತೆ. ಓಣಿಯ ಹೆಂಗಸರು, "ಫೋನಿನ್ಯಾಗ ಗಂಡನ್ನ ಮೋಟರಿಗೆ ಸುತ್ತಾಕ ಹೊಂಟಿದ್ಲು ನೋಡು," ಎಂದು ನಗುವುದು ಅವಳ ಕಿವಿಗೂ ಬಿತ್ತು.

ನಾನು ಸುರಪುರದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಪರದೆಯ ವಿನ್ಯಾಸ ಹೇಗಿರಬೇಕು, ಬಳಸುವವರ ಮುಂದಿಟ್ಟು ಹೇಗೆ ಪರೀಕ್ಷಿಸಬೇಕು ಎಂಬುದೂ ನನ್ನ ಪಾಠದಲ್ಲಿದೆ. ಜೋಳದ ಡಬ್ಬಿಯಿಂದ ಫೋನು ತೆಗೆದು ನೋಡಿದೆ. ಪರದೆಯ ಮೇಲೆ ಇದ್ದದ್ದು ಒಂದೇ ಒಂದು ದುಂಡನೆಯ ಬಟನ್. ಮೋಟರು ನಿಂತಿದ್ದಾಗ ಅದು ಕೆಂಪು, ತಿರುಗುವಾಗ ಹಸಿರು. ಯಾವಾಗ ಮುಟ್ಟಿದರೂ ಇದ್ದದ್ದನ್ನು ಉಲ್ಟಾ ಮಾಡುತ್ತದೆ. ಅಣ್ಣ ಹೇಳಿದ ಕೆಂಪನ್ನು ವೈನಿ ಅಲ್ಲಿ ಕಂಡಳು, ಒತ್ತಿದಳು. ನಿಂತಿದ್ದ ಮೋಟರು ತಿರುಗಿತು. ನಾನು ಕಿರುಚಿದಾಗ ಗಾಬರಿಯಲ್ಲಿ ಅದನ್ನೇ ಮತ್ತೆ ಮುಟ್ಟಿದಳು, ನಿಂತಿತು. ಅವಳ ಕೈ ತಪ್ಪಿರಲಿಲ್ಲ.

ನಾನದನ್ನು ಹೇಳಿದರೆ ಮನೆಯಲ್ಲಿ ಯಾರೂ ನಂಬಲಿಲ್ಲ, ವೈನಿಯೂ ನಂಬಲಿಲ್ಲ. "ನೀ ನನ್ನ ಸಲುವಾಗಿ ಹೇಳ್ತಿ," ಎಂದಳು.

ಮರುದಿನವೇ ಶಹಾಪುರಕ್ಕೆ ಹೋದೆ. ಸ್ಟಾರ್ಟರ್ ಮಾಡಿ ಮಾರುವವರು ಅಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದ ಸಾಹುಕಾರರು. ಆ್ಯಪನ್ನು ಯಾದಗಿರಿಯಲ್ಲಿ ಯಾರಿಂದಲೋ ಮಾಡಿಸಿದ್ದರು.

"ಮೇಡಮ್ಮಾರ, ಭಾಳ ಮಂದಿಗೆ ಕೊಟ್ಟೀನ್ರಿ, ಯಾರೂ ಹಿಂಗ ಅಂದಿಲ್ಲ," ಎಂದರು. "ಹೆಣ್ಮಕ್ಳು ಗಡಿಬಿಡ್ಯಾಗ ಏನೋ ಒತ್ತಿರ್ತಾರ."

"ಒತ್ತಿದ್ದು ಕೆಂಪೇ ರೀ."

"ಕೆಂಪು ಅಂದ್ರ ಮೋಟರ್ ಬಂದ್ ಅದ ಅಂತರಿ. ಇಷ್ಟು ಸಾದಾ ಅದ."

"ನಿಮ್ಮ ಹಿಂದ ಗ್ವಾಡಿಗೆ ತೂಗಹಾಕೀರಲ್ಲ, ಆ ಡಬ್ಬಿ ಮ್ಯಾಲಿನ ಕೆಂಪು ಏನ್ ಮಾಡ್ತದ?"

ಅವರು ತಿರುಗಿ ನೋಡಿದರು. "ಅದು ನಿಲ್ಲಸ್ತದ್ರಿ. ಆದ್ರ ಅದು ಬ್ಯಾರೆ, ಇದು ಬ್ಯಾರೆ."

ವಾದ ಮಾಡಿ ಗೆಲ್ಲುವ ಮಾತಲ್ಲ ಇದು ಎನ್ನಿಸಿತು. ಮೋಟರಿನ ಬದಲು ಒಂದು ಬಲ್ಬಿಗೆ ಸ್ಟಾರ್ಟರ್ ಜೋಡಿಸಿಕೊಡಿ, ವೈಂಡಿಂಗ್‌ಗೆ ಬಂದವರ ಕೈಗೆ ಫೋನು ಕೊಟ್ಟು ನೋಡೋಣ ಎಂದೆ. ಕರಾರು ಒಂದೇ: ನಾವಿಬ್ಬರೂ ಬಾಯಿ ಬಿಡಬಾರದು, ಬೆರಳು ತೋರಿಸಬಾರದು.

"ನನ್ನ ಅಂಗಡ್ಯಾಗ ನಾನೇ ಮಾತಾಡಂಗಿಲ್ಲಾ?"

"ಚಾ ಕುಡಕೋತ ಕೂಡ್ರಿ."

ಮೊದಲು ಕೂತವರು ಬಿಳಿ ಮೀಸೆಯ ರೈತರೊಬ್ಬರು. "ನಿಮ್ಮ ಮಗ ಬಾವ್ಯಾಗ ಇಳದಾನ, ಪಂಪಿಗೆ ಕೈ ಹಚ್ಚತಾನ. ಏನ್ ಮಾಡ್ತೀರಿ?" ಎಂದು ಕೇಳಿದೆ. ಸಾಹುಕಾರರು ಚಹಾದ ಲೋಟದ ಹಿಂದಿನಿಂದ ಗದ್ದ ಎತ್ತಿ ಸನ್ನೆ ಮಾಡತೊಡಗಿದಾಗ ಅವರ ಕುರ್ಚಿಯನ್ನು ಬಾಗಿಲ ಹಿಂದೆ ಸರಿಸಬೇಕಾಯಿತು. ರೈತರು ಫೋನು ದೂರ ಹಿಡಿದು ನೋಡಿ ಕೆಂಪು ಒತ್ತಿದರು. ಬಲ್ಬು ಭಗ್ಗನೆ ಹತ್ತಿತು.

"ಯಪ್ಪಾ!" ಎಂದು ಫೋನನ್ನು ಮೇಜಿನ ಮೇಲೆ ಬಿಟ್ಟರು. "ನಾ ಬಂದ್ ಮಾಡೀನ್ರಿ, ಚಾಲೂ ಮಾಡಿಲ್ಲ!"

ವೈನಿಯದೇ ಮಾತು.

ಗಂಡನ ಜೊತೆ ಬಂದಿದ್ದ ಹೆಂಗಸೊಬ್ಬಳು ಒತ್ತಿದಳು, ಬಲ್ಬು ಹತ್ತಿತು. ಆಕೆಯ ಗಂಡ, "ನಿನಗ ತಿಳಿಯಂಗಿಲ್ಲ, ತಾ ಇಲ್ಲಿ," ಎಂದು ಕಸಿದುಕೊಂಡು, ನಾನು ಮೊದಲಿನಂತೆ ಇಟ್ಟು ಕೊಟ್ಟ ಮೇಲೆ ತಾನೂ ಕೆಂಪನ್ನೇ ಒತ್ತಿ ಹತ್ತಿಸಿದ. ಆಕೆ ನಕ್ಕ ನಗು ರಸ್ತೆಯ ತನಕ ಕೇಳಿಸಿರಬೇಕು. ಕೊನೆಗೆ ಅಂಗಡಿಯ ಮಿಸ್ತ್ರಿಯೇ ಬಂದ. ಈ ಡಬ್ಬಿಗಳನ್ನು ಜೋಡಿಸುವವನು ಅವನೇ. ಮಗ ಬಾವಿಗೆ ಇಳಿದಿದ್ದಾನೆ ಎನ್ನುತ್ತಲೇ ಅವನ ಹೆಬ್ಬೆರಳು ಕೆಂಪಿನ ಮೇಲೆ ಬಿತ್ತು. ಬಲ್ಬು ನೋಡಿ ಅವನು ಸಣ್ಣ ದನಿಯಲ್ಲಿ, "ಸಾವ್ಕಾರ್ರ, ನಾನೇ ಕೊಂದ್ನಲ್ರಿ," ಎಂದ.

ಸಾಹುಕಾರರು ಬಾಗಿಲ ಹಿಂದಿನಿಂದ ಎದ್ದು ಬಂದರು. ಆವತ್ತೇ ಸ್ಟಾರ್ಟರ್ ಕೊಂಡವರಿಗೆಲ್ಲ ಫೋನು ಹಚ್ಚತೊಡಗಿದರು: ಸದ್ಯಕ್ಕೆ ಫೋನು ಮುಟ್ಟಬೇಡಿ, ಡಬ್ಬಿಯ ಬೀಗ ತೆಗೆಯಿರಿ, ಬಾವಿಗೆ ಇಳಿಯುವ ಮೊದಲು ಫ್ಯೂಜ್ ಕಿತ್ತು ಕಿಸೆಯಲ್ಲಿ ಇಟ್ಟುಕೊಳ್ಳಿರಿ.

ಅವರ ಮೊದಲ ಉಪಾಯ ಕೆಲಸಕ್ಕೆ ಬರಲಿಲ್ಲ. ಬಟನ್ ಒತ್ತಿದೊಡನೆ "ಮೋಟರ್ ಚಾಲೂ ಮಾಡಬೇಕೆ? ಹೌದು, ಇಲ್ಲ" ಎಂದು ಫೋನು ಕೇಳುವಂತೆ ಮಾಡಿಸಿದರು. ಮತ್ತೆ ಬಲ್ಬು ಇಟ್ಟೆವು. ಬಂದವರು ಓದದೆಯೇ ಹೌದು ಒತ್ತಿದರು. ಯಾಕೆಂದು ಒಬ್ಬಜ್ಜಿಯನ್ನು ಕೇಳಿದೆ. "ಅದು ಏನೋ ಕೇಳ್ತದವ್ವಾ. ಕೇಳಿದವ್ರಿಗೆ ಇಲ್ಲ ಅನ್ನಾಕ ಬರ್ತದೇನು?" ಎಂದಳು. ಸಾಹುಕಾರರೇ ಬಿದ್ದು ಬಿದ್ದು ನಕ್ಕರು.

ಆಮೇಲೆ ಹೊಸ ಪರದೆ ಹೇಗಿರಬೇಕೆಂದು ರಟ್ಟಿನ ಮೇಲೆ ಪೆನ್ನಿನಿಂದ ಬರೆದು, ಕತ್ತರಿಸಿ, ಹಚ್ಚಿ, ಕಿತ್ತು ನೋಡಿದೆವು. ಕಬ್ಬಿಣದ ಡಬ್ಬಿಯಲ್ಲಿದ್ದಂತೆಯೇ ಮೇಲೆ ಹಸಿರು, ಕೆಳಗೆ ಕೆಂಪು, ಎರಡು ಬೇರೆ ಬೇರೆ ಬಟನ್. ಕೆಂಪು ಎಷ್ಟು ಸಲ ಒತ್ತಿದರೂ ನಿಲ್ಲಿಸುವುದು ಬಿಟ್ಟು ಬೇರೇನೂ ಮಾಡಬಾರದು. ಮೋಟರು ತಿರುಗುತ್ತಿದೆಯೋ ನಿಂತಿದೆಯೋ ಎಂಬುದನ್ನು ಬಟನ್ನಿನ ಬಣ್ಣ ಹೇಳಬಾರದು, ಪೈಪಿನಿಂದ ನೀರು ಬೀಳುವ ಚಿತ್ರ ಹೇಳಬೇಕು. ಡಬ್ಬಿಗೊಂದು ಚಾವಿ: ಬಾವಿಗೆ ಇಳಿಯುವವನು ಅದನ್ನು ತಿರುವಿ ಕಿತ್ತುಕೊಂಡರೆ ಮನೆಯಿಂದ ಯಾರು ಏನು ಒತ್ತಿದರೂ ಮೋಟರು ಮಿಸುಕಬಾರದು.

ಹೊಸದು ಸಿದ್ಧವಾದ ದಿನ ವೈನಿಯನ್ನು ಶಹಾಪುರಕ್ಕೆ ಕರೆದೊಯ್ದೆ. ಬರುವುದಿಲ್ಲ ಎಂದು ಹಟ ಹಿಡಿದಿದ್ದಳು. ಮೊದಲು ಹಳೆಯ ಆ್ಯಪನ್ನೇ ಅವಳ ಮುಂದೆ ಇನ್ನೊಬ್ಬ ರೈತನಿಗೆ ಕೊಟ್ಟೆ. ಅವನು ಕೆಂಪು ಒತ್ತಿದ. ಬಲ್ಬು ಹತ್ತಿತು. ವೈನಿ ಬಲ್ಬನ್ನೇ ನೋಡುತ್ತ ಕೂತಳು. ಕಣ್ಣಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ.

"ಇವ್ರೂ ಕೆಂಪೇ ಒತ್ಯಾರ," ಎಂದಳು.

"ಎಲ್ಲಾರೂ ಒತ್ಯಾರವ್ವಾ," ಎಂದರು ಸಾಹುಕಾರರು. "ತಪ್ಪು ನನ್ನ ಸಾಮಾನಿಂದು."

ಆಮೇಲೆ ಹೊಸ ಆ್ಯಪನ್ನು ಕೈಗೆ ಕೊಟ್ಟೆವು. ವೈನಿ ಕೆಂಪು ಒತ್ತಿದಳು. ಬಲ್ಬು ಸುಮ್ಮನಿತ್ತು. ಮತ್ತೆ ಒತ್ತಿದಳು. ಆಮೇಲೆ ಹಠಕ್ಕೆ ಬಿದ್ದವಳಂತೆ ಒತ್ತುತ್ತಲೇ ಹೋದಳು. "ಸಾಕ್ ಬಿಡವ್ವಾ, ಫೋನ್ ಒಡೀತದ," ಎಂದ ಮಿಸ್ತ್ರಿ.

"ಇರ್ರಿ, ಭಾಳ ದಿನದ ಸಿಟ್ಟದ," ಎಂದು ಮತ್ತೊಮ್ಮೆ ಒತ್ತಿ, ಫೋನು ಕೆಳಗಿಟ್ಟು, "ಎಲ್ಲಾ ಛಲೋ ಅದ. ಆದ್ರ ಇದು ಮಾತಾಡಬೇಕು. ರೊಟ್ಟಿ ಬಡಿಯೋವಾಗ ಚಿತ್ರ ಯಾರ್ ನೋಡ್ತಾರ?" ಎಂದಳು.

ಅಲ್ಲೇ ಅವಳ ದನಿಯನ್ನೇ ತುಂಬಿಸಿಕೊಂಡೆವು: "ಮೋಟರ್ ಬಂದ್ ಆಗ್ಯದ." ಸಾಹುಕಾರರು ಬೈಕಿನ ಮೇಲೆ ಊರೂರು ಸುತ್ತಿ ಹಳೆಯದನ್ನೆಲ್ಲ ಬದಲಿಸಿಕೊಟ್ಟು ಬಂದರು. ಈಗ ಈ ಸೀಮೆಯ ಎಷ್ಟೋ ಮನೆಗಳಲ್ಲಿ ಕೆಂಪು ಒತ್ತಿದಾಗ ಕೇಳುವುದು ನಮ್ಮ ವೈನಿಯ ದನಿ. ಓಣಿಯ ಹೆಂಗಸರು ಅವಳನ್ನು ನಿಲ್ಲಿಸಿ, "ಒಮ್ಮಿ ಅನ್ನವ್ವಾ," ಎನ್ನುತ್ತಾರೆ. ಅವಳೂ ಬಿಂಕದಿಂದ ಹೇಳುತ್ತಾಳೆ.

ನಮ್ಮ ಬಾವಿಗೆ ಹೊಸದು ಕೂಡಿಸಿದ ಮೇಲೆ ಒಂದು ಭಾನುವಾರ ಪಂಪು ಮತ್ತೆ ಸೋರಿತು. ಅಣ್ಣ ಫ್ಯೂಜ್ ಕಿತ್ತ, ಚಾವಿ ತಿರುವಿ ಕಿಸೆಗೆ ಹಾಕಿಕೊಂಡ, ಇಳಿದ. ನಾನು ದಂಡೆಯ ಮೇಲೆ ಹಲ್ಲು ಕಚ್ಚಿ ನಿಂತಿದ್ದೆ. ಅವನು ಮನೆಗೆ ಫೋನು ಮಾಡಿ ಕೆಂಪು ಒತ್ತಲು ಹೇಳಿದ. ಒತ್ತಿದಳು. ಮೋಟರು ಅಲುಗಲಿಲ್ಲ. ಅಣ್ಣ ಪೂರ್ತಿ ಕೆಲಸ ಮುಗಿಸಿ, ಕೈಗೆಲ್ಲ ಗ್ರೀಸು ಮೆತ್ತಿಕೊಂಡು ಮೇಲೆ ಬಂದ. ಮನೆಗೆ ಹೋದಾಗ ವೈನಿ ಬಾಗಿಲಲ್ಲೇ ಅವನ ಎರಡೂ ಕೈ ಹಿಡಿದು ತಿರುವಿ ತಿರುವಿ ನೋಡಿದಳು.

ಆವತ್ತು ರಾತ್ರಿ ಊಟವಾದ ಮೇಲೆ ಮಲಗಿದವಳು ನಡುವೆ ಒಮ್ಮೆಯೂ ಏಳಲಿಲ್ಲವಂತೆ. ಮರುದಿನ ಬಿಸಿಲು ಅಂಗಳಕ್ಕೆ ಬಂದರೂ ಅವಳ ಕೋಣೆಯ ಬಾಗಿಲು ತೆರೆದಿರಲಿಲ್ಲ. ಆ ಮಧ್ಯಾಹ್ನದ ನಂತರ ನಾನೂ ಅಷ್ಟು ಹೊತ್ತಿನ ತನಕ ನಿದ್ದೆ ಮಾಡಿದ್ದು ಅದೇ ಮೊದಲು ಎಂಬುದು ಆಗ ಅರಿವಿಗೆ ಬಂತು.