ನನ್ನ ಹೆಸರಿನ ಅತ್ತಿಗಿಡ

ಅಮಾವಾಸ್ಯೆಯ ದಿನ ಬೆಳಿಗ್ಗೆ ಏಳಕ್ಕೆ ಮಂಡ್ಯ ಬಿಟ್ಟೆ. ಎರಡು ವರ್ಷದ ಹಿಂದೆ ಕಾಶಿಗೆ ಹಾರಿದಾಗ ವಿಮಾನ ನಿಲ್ದಾಣದವರು ಕೊಟ್ಟ ಕಾಗದ ಜೇಬಿನಲ್ಲಿತ್ತು. ವಿಮಾನದ ಹೊಗೆಯಲ್ಲಿ ನನ್ನ ಪಾಲನ್ನು ಹೀರಲು ಮಳವಳ್ಳಿ ತಾಲ್ಲೂಕಿನಲ್ಲಿ ನನ್ನ ಹೆಸರಿನ ಸಸಿಯೊಂದನ್ನು ನೆಟ್ಟಿರುವುದಾಗಿ ಅದರಲ್ಲಿ ಅಚ್ಚಾಗಿತ್ತು. ನಿಲ್ದಾಣದ ಬಸ್ಸುಗಳು ಕರೆಂಟಿನಲ್ಲಿ ಓಡುವುದನ್ನು ಕಣ್ಣಾರೆ ಕಂಡಿದ್ದೆ, ಸಸಿಯನ್ನು ಕಂಡಿರಲಿಲ್ಲ. ಸುಳ್ಳಾದರೆ ಪತ್ರಿಕೆಗೆ ಬರೆಯುವುದೆಂದು ನಿಶ್ಚಯಿಸಿದ್ದೆ.

ಮದ್ದೂರಿನಲ್ಲಿ ಬಸ್ಸು ಬದಲಿಸಿದೆ. ಅಂದು ಉಪವಾಸವಾದ್ದರಿಂದ ನೀರನ್ನಷ್ಟೇ ಕುಡಿದೆ. ಭಾರತೀನಗರದಲ್ಲಿ ಕಬ್ಬಿನ ಗಾಡಿಗಳ ಹಿಂದೆ ಅರ್ಧ ಗಂಟೆ ನಿಂತು, ಮಳವಳ್ಳಿ ದಾಟಿ, ಬೆಳಕವಾಡಿಯ ಆಚೆಗಿನ ಹಳ್ಳಿಯೊಂದರಲ್ಲಿ ಇಳಿದೆ. ಅದರ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ.

ಗಿಡಗಳ ತೋಪೆಲ್ಲಿ ಎಂದು ಟೀ ಅಂಗಡಿಯಲ್ಲಿ ಕೇಳಿದೆ.

"ಸತ್ತೋರ ತೋಪಾ? ಕೆರೆ ಏರಿ ದಾಟ್ಕೊಂಡ್ ಓಗಿ ಯಜಮಾನ್ರೇ. ಚಪ್ಲಿ ಆಚೆ ಬುಡಿ."

ನಡುಹಗಲು. ಒಂದು ಎಲೆಯೂ ಅಲುಗುತ್ತಿರಲಿಲ್ಲ. ತೋಪಿಗೆ ಬೇಲಿಯಿರಲಿಲ್ಲ, ಆದರೂ ಗಿಡಗಳು ಆಳೆತ್ತರ ಬೆಳೆದಿದ್ದವು. ಪ್ರತಿ ಗಿಡಕ್ಕೂ ವಿಮಾನದ ಚಿತ್ರ ಮತ್ತು ಒಂದು ಹೆಸರಿದ್ದ ಫಲಕ. ಪ್ರತಿ ಬುಡದಲ್ಲೂ ಹಸಿ ಹಾಲು-ತುಪ್ಪ. ಅತ್ತಿಗಿಡವೊಂದರ ಮೇಲೆ ನನ್ನ ಹೆಸರಿತ್ತು.

ಆಡುಗಳನ್ನು ಬದುವಿನಲ್ಲೇ ತಡೆದು, ಕೈಯಲ್ಲಿ ಚೊಂಬು ಹಿಡಿದ ಮುದುಕಿಯೊಬ್ಬಳು ಬಂದಳು. ಹೆಸರು ತಾಯಮ್ಮ ಎಂದಳು.

"ಇಮಾನ ಬಿದ್ದು ಒಟ್ಟಿಗೆ ಸತ್ತೋರು, ಪಾಪ. ಕೇಳೋರಿಲ್ಲ. ಅದ್ಕೇ ಅಮಾಸೆಗೆ ನಾವೇ ಆಲು-ತುಪ್ಪ ಬುಡ್ತೀವಿ."

"ನೆಟ್ಟವರು ಹಾಗೆಂದು ಹೇಳಿದರೆ?"

"ಅವ್ರೇನಂದಾರು! ಪೋಟ ಇಡ್ಕಂಡು ಒಂಟೋದ್ರು. ಬ್ಯಾಸ್ಗೇಲಿ ಬಿಂದ್ಗೇಲಿ ನೀರೊತ್ತೋರು ನಾವು."

"ಆಡು ಮೇಯುವುದಿಲ್ಲವೆ?"

"ಸತ್ತೋರ್ ಮ್ಯಾಲೆ ಮೇಯಿಸ್ತಾರಾ? ಬದ್ಕಿರೋರ್ದಾಗಿದ್ರೆ ಮೊದುಲ್ನೇ ದಿನ್ವೇ ಬೋಳುಸ್ಬುಡೋವು!" ಎಂದು ನಕ್ಕಳು. ನಾನು ಫಲಕದಿಂದ ಕಣ್ಣು ಕೀಳದ್ದನ್ನು ಕಂಡು, "ಇವ್ರು ನಿಮ್ಗೇನಾಗ್ಬೇಕು?" ಎಂದಳು.

ತಪ್ಪು ಕಂಡಲ್ಲಿ ತಿದ್ದದೆ ಬಿಟ್ಟವನಲ್ಲ ನಾನು. ಬದುವಿನಲ್ಲಿ ಆಡುಗಳು ಅತ್ತಿಯ ಚಿಗುರನ್ನೇ ನೋಡುತ್ತ ನಿಂತಿದ್ದವು.

"ಅಣ್ಣ," ಎಂದೆ.

"ಎಂಥ ಮನ್ಸ?"

"ಮೊಂಡ."

"ಅಂಗಾರೆ ನಿಮ್ ಕೈಯಾರೆ ಒಸಿ ಬುಡಿ," ಎಂದು ಚೊಂಬು ಕೊಟ್ಟಳು. ನನ್ನ ಹೆಸರಿನ ಬುಡಕ್ಕೆ ನಾನೇ ಹಾಲು ಬಿಟ್ಟೆ.

ಏರಿಯ ಮೇಲಿಂದ ತಿರುಗಿ ನೋಡಿದಾಗ ಕಾಗೆಯೊಂದು ಆ ಗಿಡದ ಬುಡಕ್ಕಿಳಿಯಿತು. "ನಿಮ್ಮಣ್ಣಂಗೆ ತೃಪ್ತಿಯಾಯ್ತು ಬುಡಿ!" ಎಂದು ತಾಯಮ್ಮ ಕೂಗಿದಳು.

ಪತ್ರಿಕೆಗೆ ಬರೆಯಲಿಲ್ಲ. ಅಂದು ನಾನು ಏನನ್ನೂ ಬಾಯಿಗಿಟ್ಟಿರಲಿಲ್ಲ. ಆದರೂ ಮದ್ದೂರು ತಲುಪುವವರೆಗೆ ನಾಲಿಗೆಯ ಮೇಲೆ ಹಾಲು-ತುಪ್ಪದ ರುಚಿಯಿತ್ತು.