ಲವಂಗದ ಸೆಂಟು ಹಚ್ಚಿಕೊಂಡು ಹೆಣ್ಣು ನೋಡಲು ಹೋದದ್ದು

ಎಂಬತ್ತರ ದಶಕದ ಕೊನೆಯಲ್ಲಿ ನಾನು ಬ್ಯಾಡಗಿಗೆ ಸೊಸೆಯಾಗಿ ಬಂದೆ. ಮೆಣಸಿನಕಾಯಿ ವ್ಯಾಪಾರದ ಮನೆ. ಅಲ್ಲಿಯ ಗಂಡಸರ ಮೂಗು ಕೆಲಸ ಬಿಟ್ಟು ಎರಡು ತಲೆಮಾರಾಗಿತ್ತು. ಇಂಥ ಮನೆಗೆ ಹೋಗುವವಳಿಗೆ ಮುಂಬಯಿಯ ನನ್ನ ಚಿಕ್ಕಮ್ಮ ಯೋಚಿಸಿ ಯೋಚಿಸಿ ಕೊಟ್ಟ ಉಡುಗೊರೆ ಒಂದು ಫಾರಿನ್ ಸೆಂಟಿನ ಬಾಟಲಿ. ಅರ್ಧ ಅವಳೇ ಬಳಸಿದ್ದಳು.

"ಹಳೇ ಕಾಲದ ಸೆಂಟು. ಕಾರ್ನೇಷನ್ ಹೂವಿನ ಜೋಡಿ ಲವಂಗ. ಈಗಿನವರಿಗೆ ಇಂಥಾದ್ದು ಮಾಡಾಕ ಬರೂದಿಲ್ಲ" ಎಂದಳು. ಕಾರ್ನೇಷನ್ ಹೂವನ್ನು ಅವಳೂ ಕಂಡಿರಲಿಲ್ಲ, ನಾನೂ ಕಂಡಿರಲಿಲ್ಲ.

ಮೈದುನನಿಗೆ ಹೆಣ್ಣು ನೋಡಲು ಹಾವೇರಿಗೆ ಹೊರಟ ದಿನ ಅದನ್ನು ಧಾರಾಳವಾಗಿ ಹಚ್ಚಿಕೊಂಡೆ. ಬಸ್ಸಿನಲ್ಲಿ ಅತ್ತೆ ಎರಡು ಸಲ ನನ್ನ ಕಡೆ ನೋಡಿದರು. ಹೆಣ್ಣಿನ ಮನೆಯಲ್ಲಿ ಚಾಪೆಯ ಮೇಲೆ ಕುಳಿತು ಐದು ನಿಮಿಷವಾಗಿರಲಿಲ್ಲ, ಹೆಣ್ಣಿನ ತಂದೆ ಮೂಗರಳಿಸಿ ಕೇಳಿದರು: "ಯಾರಿಗ್ರಿ ಹಲ್ಲು ನೋವು?"

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ, "ನಮ್ಮ ಹಿರೇ ಸೊಸಿಗ್ರಿ. ಎರಡು ದಿನಾತು, ಲವಂಗದ ಎಣ್ಣಿ ಹಚ್ಯಾಳ" ಎಂದುಬಿಟ್ಟರು. ಸೊಸೆ ಸೆಂಟು ಬಳಿದುಕೊಂಡು ಬಂದಿದ್ದಾಳೆ ಎನ್ನುವುದಕ್ಕಿಂತ ಸೊಸೆಯ ಹಲ್ಲು ಹುಳುಕು ಎನ್ನುವುದೇ ಮರ್ಯಾದೆಯ ಮಾತು ಎಂದು ಅವರ ತಿಳಿವಳಿಕೆ. ಸರಿ, ಮೂವತ್ತೆರಡು ಗಟ್ಟಿ ಹಲ್ಲು ಇಟ್ಟುಕೊಂಡು ಕೆನ್ನೆ ಹಿಡಿದು ಕುಳಿತೆ. ಎಲ್ಲರ ಮುಂದೆ ಚಕ್ಕುಲಿ, ಬುಂದಿ ಉಂಡೆ ಬಂದವು. ನನ್ನ ಮುಂದೆ ಉಪ್ಪು ಹಾಕಿದ ಬಿಸಿನೀರು ಬಂತು. ಅಷ್ಟು ಅಂತಃಕರಣದ ಜನ.

ಬಾಯಿ ಮುಕ್ಕಳಿಸಲು ಹಿತ್ತಲಿಗೆ ಹೋದಾಗ ಹೆಣ್ಣೇ ತಂಬಿಗೆ ಹಿಡಿದು ಹಿಂದೆ ಬಂದಳು. ಸುತ್ತ ನೋಡಿ ಪಿಸುಗುಟ್ಟಿದಳು: "ಅಕ್ಕಾರ, ಇದು ಎಣ್ಣಿ ಅಲ್ಲ. ಒಳಗ ಯಾವುದೋ ಹೂವು ಐತಿ. ಗುಲಾಬಿ ಅಲ್ಲ, ಆದ್ರ ಗುಲಾಬಿ ಮಗ್ಗಲದ್ದು. ಯಾವುದ್ರಿ?"

"ಕಾರ್ನೇಷನ್ ಅಂತವ್ವಾ, ನಾನೂ ಕಂಡಿಲ್ಲ. ಚಕ್ಕುಲಿ ಒಂದೆರಡು ಸಿಗ್ತಾವೇನು?"

ಸೆರಗಿನಲ್ಲಿ ಮುಚ್ಚಿ ತಂದುಕೊಟ್ಟಳು. ನಿಂತೇ ತಿಂದೆ.

ಮನೆಗೆ ಬಂದು ಅತ್ತೆ ಹುಡುಗಿಯ ಬಣ್ಣದಲ್ಲಿ ಕೊಂಕು ತೆಗೆದಾಗ, "ಮೂಗು ಭಾಳ ಛಲೋ ಐತ್ರಿ" ಎಂದೆ. ನೋಡಲು ಚೆನ್ನಾಗಿದೆ ಎಂದು ಅವರು ತಿಳಿದರು. ನಾನು ತಿದ್ದಲಿಲ್ಲ. ಮದುವೆಯಾಯಿತು.

ನೆಗೆಣ್ಣಿಯಾಗಿ ಬಂದವಳೂ ಬಳಸತೊಡಗಿದ ಮೇಲೆ ಬಾಟಲಿ ವರ್ಷದೊಳಗೆ ಮುಗಿಯಿತು. ಖಾಲಿ ಬಾಟಲಿ ಹಿಡಿದು ಇಬ್ಬರೂ ರಾಣೆಬೆನ್ನೂರಿನ ಒಂದು ಅತ್ತರಿನ ಅಂಗಡಿಗೆ ಹೋದೆವು. ಅಂಗಡಿಯ ಮುದುಕರು ಮುಚ್ಚಳ ತೆಗೆದು ಮೂಸಿ ನಕ್ಕರು. "ಇದಕ್ಕ ಫಾರಿನ್ ಅಂತಾರೇನ್ ಬೇಟಿ? ಬರೇ ಹೂವಿನ ವಾಸನಿ ಮಧ್ಯಾಹ್ನದೊಳಗ ಓಡಿ ಹೋಗ್ತದ. ಲವಂಗ, ಒಂಚೂರು ದಾಲ್ಚಿನ್ನಿ ಹಾಕಿದ್ರ ಅದನ್ನ ಕೈ ಹಿಡಿದು ಕುಂದ್ರಸ್ತಾವ. ನಮ್ಮಪ್ಪನೂ ಇದನ್ನ ಮಾಡ್ತಿದ್ದ."

ಗುಲಾಬಿಯ ಅತ್ತರಿಗೆ ಇನ್ನೆರಡು ಶೀಶೆಗಳಿಂದ ಹನಿ ಹನಿ ಬೆರೆಸಿ, ಹತ್ತಿ ಅದ್ದಿ ಕೊಟ್ಟರು. ಇದೇ, ಇದೇ ಎಂದು ನಾನು ತಲೆಯಾಡಿಸಿದೆ. ನೆಗೆಣ್ಣಿ ಕಣ್ಣು ಮುಚ್ಚಿ ಮೂಸಿ, "ಲವಂಗ ಜಾಸ್ತಿ ಆತ್ರಿ ಚಾಚಾ" ಎಂದಳು. ಅವರ ನಗು ನಿಂತಿತು. ಮತ್ತೆ ಬೆರೆಸಿದರು. ಮೂರನೆಯ ಸಲಕ್ಕೆ ಅವಳು ಒಪ್ಪಿದಳು.

ಆಮೇಲೆ ನಾವು ಹೋದಾಗಲೆಲ್ಲ ಅವರು ಹೊಸ ಅತ್ತರನ್ನು ಮೊದಲು ಅವಳ ಕೈಗೇ ಕೊಟ್ಟು ಅಭಿಪ್ರಾಯ ಕೇಳುತ್ತಿದ್ದರು. ನನ್ನನ್ನು ಸ್ಟೂಲಿನ ಮೇಲೆ ಕೂಡಿಸಿ ಚಹಾ ತರಿಸುತ್ತಿದ್ದರು. ಚಹಾ ಚೆನ್ನಾಗಿರುತ್ತಿತ್ತು.